ಬಾಲ್ ಬರುವ ಮೊದಲೇ ನೋಡಬೇಕು: ಮಿಡ್‌ಫೀಲ್ಡರ್ ಆಗಿ ನನ್ನ ಅನುಭವ

ಫುಟ್‌ಬಾಲ್‌ನಲ್ಲಿ ಮಿಡ್‌ಫೀಲ್ಡ್, ಅಂದರೆ ಮೈದಾನದ ನಡುಭಾಗದಲ್ಲಿ, ಆಡುವವನಿಗೆ ಕಾಲಿಗಿಂತ ಮೊದಲು ಕತ್ತು ಕೆಲಸ ಮಾಡಬೇಕು. ಹಿಂದೆ ನಿಂತು ಗೋಲ್ ಕಾಯುವ ಡಿಫೆಂಡರ್‌ಗೆ, ಅಂದರೆ ಸ್ಟಾಪರ್ ಬ್ಯಾಕ್‌ಗೆ, ಇಡೀ ಆಟ ಎದುರಿಗೇ ಕಾಣುತ್ತದೆ. ನಡುವೆ ನಿಂತವನ ಮೇಲೆ ನಾಲ್ಕೂ ಕಡೆಯಿಂದ ಜನ ಬೀಳುತ್ತಾರೆ. ಬೆಂಗಳೂರಿನ ಲೀಗ್‌ನಲ್ಲಿ ಕೆಳಗಿನ ಸಿ ಡಿವಿಷನ್‌ನಿಂದ ಮೇಲಿನ ಸೂಪರ್ ಡಿವಿಷನ್‌ವರೆಗೆ ಆಡಿದೆ, ಆಮೇಲೆ ಹೊರರಾಜ್ಯದ ಕ್ಲಬ್‌ಗಳಲ್ಲಿ ಸಂಬಳಕ್ಕೆ ಆಡಿದೆ. ಎಲ್ಲಾ ಕಡೆ ನನಗೆ ಅನ್ನ ಹಾಕಿದ್ದು ಈ ಒಂದು ಅಭ್ಯಾಸವೇ.

ನಾನು ಬೆಳೆದಿದ್ದು ಹಲಸೂರಿನ ಪಕ್ಕ, ಗೌತಮಪುರದಲ್ಲಿ. ಪೆಲೆ ಪ್ರತಿಮೆ ಇರುವ ಬೀದಿ ಅಂದರೆ ಫುಟ್‌ಬಾಲ್ ನೋಡುವವರಿಗೆ ಗೊತ್ತಾಗುತ್ತದೆ. ನಮ್ಮ ಹಿರಿಯರು ಕೆಂಪಯ್ಯನವರ ಹೆಸರು ಹೇಳುತ್ತಿದ್ದರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ನಾಲ್ಕನೇ ಸ್ಥಾನಕ್ಕೆ ಬಂದಾಗ ಹಾಫ್ ಬ್ಯಾಕ್ ಆಗಿ ಆಡಿದವರು ಅವರು, ಅಂದರೆ ಈಗಿನ ಲೆಕ್ಕದಲ್ಲಿ ಮಿಡ್‌ಫೀಲ್ಡರ್. ನನ್ನ ವಯಸ್ಸಿನ ಹುಡುಗರಿಗೆ ಮಾತ್ರ ಕಾರ್ಲ್ಟನ್ ಚಾಪ್‌ಮನ್ನೇ ಎಲ್ಲಾ. ಆಸ್ಟಿನ್ ಟೌನ್‌ನಿಂದ ಹೋಗಿ, ಟಾಟಾ ಫುಟ್‌ಬಾಲ್ ಅಕಾಡೆಮಿಯಲ್ಲಿ ಕಲಿತು, ಈಸ್ಟ್ ಬೆಂಗಾಲ್, ಜೆಸಿಟಿ ಕ್ಲಬ್‌ಗಳಿಗೆ ಆಡಿ, ಭಾರತ ತಂಡದ ಕ್ಯಾಪ್ಟನ್ ಆದವರು. 1993ರಲ್ಲಿ ಇರಾಕಿನ ಅಲ್ ಜವ್ರಾ ಕ್ಲಬ್ ಮೇಲೆ ಈಸ್ಟ್ ಬೆಂಗಾಲ್ ಪರ ಹ್ಯಾಟ್ರಿಕ್ ಹೊಡೆದರು, ಅದೂ ಒಬ್ಬ ಮಿಡ್‌ಫೀಲ್ಡರ್! 2020ರಲ್ಲಿ ಅವರು ತೀರಿಕೊಂಡಾಗ ನಮ್ಮ ಏರಿಯಾದಲ್ಲಿ ದಿನವಿಡೀ ಬೇರೆ ಮಾತೇ ಇರಲಿಲ್ಲ.

ಸರಿ, ನೋಡುವುದು ಅಂದರೆ ಏನು ಅಂತ ಹೇಳ್ತೀನಿ. ಬಾಲ್ ಇನ್ನೂ ಸ್ಟಾಪರ್ ಕಾಲಲ್ಲಿ ಇರುವಾಗಲೇ ನಾನು ಒಂದು ಸಲ ಹೆಗಲ ಮೇಲಿಂದ ಹಿಂದಕ್ಕೆ ನೋಡುತ್ತೇನೆ. ಅವನು ಪಾಸ್ ಕೊಟ್ಟ ಮೇಲೆ, ಬಾಲ್ ದಾರಿಯಲ್ಲಿರುವಾಗ, ಇನ್ನೊಂದು ಸಲ. ಎರಡನೇ ಸಲ ನೋಡುವುದೇ ಕಷ್ಟ, ಯಾಕಂದರೆ ಕಣ್ಣು ತಾನಾಗಿ ಬಾಲ್‌ಗೆ ಅಂಟಿಕೊಳ್ಳುತ್ತದೆ. ಆದರೆ ಮೊದಲ ಸಲ ದೂರ ಇದ್ದವನು ಅಷ್ಟರಲ್ಲಿ ಬೆನ್ನಿಗೆ ಬಂದಿರುತ್ತಾನೆ. ಮೈ ಅರ್ಧ ತಿರುಗಿಸಿಕೊಂಡು ನಿಂತಿರಬೇಕು, ಬಾಲನ್ನು ದೂರದ ಕಾಲಲ್ಲಿ, ಅಂದರೆ ಬಾಲ್ ಬರುವ ಕಡೆಯಿಂದ ಆಚೆಗಿರುವ ಕಾಲಲ್ಲಿ, ತೆಗೆದುಕೊಳ್ಳಬೇಕು. ಹಾಗೆ ತೆಗೆದುಕೊಂಡರೆ ಮೊದಲ ಟಚ್‌ಗೇ ಮುಖ ಎದುರಾಳಿ ಗೋಲ್ ಕಡೆಗಿರುತ್ತದೆ. ಹತ್ತಿರದ ಕಾಲಲ್ಲಿ ನಿಲ್ಲಿಸಿದರೆ ಬೆನ್ನು ಆ ಗೋಲ್ ಕಡೆಗೇ ಉಳಿಯುತ್ತದೆ, ಬಾಲ್ ಬಂದ ದಾರಿಗೇ ವಾಪಸ್. ಸುತ್ತ ಇರುವವರು ‘ಟರ್ನ್’ (ತಿರುಗು), ‘ಮ್ಯಾನ್ ಆನ್’ (ಹಿಂದೆ ಆಳು ಇದ್ದಾನೆ) ಅಂತ ಕೂಗುತ್ತಾರೆ, ಅದೂ ಬೇಕು. ಆದರೆ ಹೊರರಾಜ್ಯದಲ್ಲಿ ಆಡುವಾಗ ಗ್ಯಾಲರಿ ತುಂಬಿ ಡೋಲು ಹೊಡೆಯುತ್ತಿದ್ದರೆ ಪಕ್ಕದವನ ದನಿಯೂ ಕೇಳಿಸುವುದಿಲ್ಲ, ಆಗ ನಿಮ್ಮ ಕತ್ತೇ ಗತಿ.

ಇದನ್ನು ಟಿವಿಯಲ್ಲಿ ನೋಡಿ ಕಲಿಯುವುದು ಕಷ್ಟ. ಕ್ಯಾಮೆರಾ ಬಾಲ್ ಹಿಂದೆ ಓಡುತ್ತದೆ ಅಲ್ವಾ? ಅದಕ್ಕೇ ನಾನು ಕಂಠೀರವ ಸ್ಟೇಡಿಯಂಗೆ ಹೋಗಿ ಬೆಂಗಳೂರು ಎಫ್‌ಸಿಯ ಮಿಡ್‌ಫೀಲ್ಡರ್‌ಗಳಾದ ಎರಿಕ್ ಪಾರ್ಟಲು, ಡಿಮಾಸ್ ಡೆಲ್ಗಾಡೊ ಇಬ್ಬರನ್ನೇ ನೋಡುತ್ತಾ ಕೂರುತ್ತಿದ್ದೆ. ಬಾಲ್ ಎಲ್ಲಿದೆ ಅನ್ನುವುದನ್ನೇ ಬಿಟ್ಟು, ಬಾಲ್ ಇಲ್ಲದಾಗ ಅವರು ಏನು ಮಾಡುತ್ತಾರೆ ಅಂತ. ಡೆಲ್ಗಾಡೊ ಓಡುವುದಕ್ಕಿಂತ ಎರಡು ಹೆಜ್ಜೆ ಪಕ್ಕಕ್ಕೆ ಸರಿಯುವುದೇ ಜಾಸ್ತಿ. ಆ ಎರಡು ಹೆಜ್ಜೆಗೆ ಪಾಸ್ ದಾರಿ ತೆರೆದುಕೊಳ್ಳುತ್ತಿತ್ತು. ಆ ತಂಡ 2018-19ರಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಗೆದ್ದಾಗ ನನಗೇನೂ ಆಶ್ಚರ್ಯ ಆಗಲಿಲ್ಲ.

ಮೈ ವಿಚಾರಕ್ಕೆ ಬಂದರೆ, ಒಂದು ಮ್ಯಾಚ್‌ನಲ್ಲಿ ಮಿಡ್‌ಫೀಲ್ಡರ್ ಸುಮಾರು 10ರಿಂದ 12 ಕಿಲೋಮೀಟರ್ ಓಡುತ್ತಾನೆ. ಅಶೋಕನಗರದ ಸ್ಟೇಡಿಯಂನ ಕೃತಕ ಹುಲ್ಲಿನ ಮೇಲೆ ಮಧ್ಯಾಹ್ನದ ಮ್ಯಾಚ್ ಇದ್ದರೆ ಬೂಟಿನ ಒಳಗೆ ಅಂಗಾಲು ಸುಡುತ್ತದೆ, ಮನೆಗೆ ಬಂದು ಸಾಕ್ಸ್ ಬಿಚ್ಚಿದರೆ ಕರೀ ರಬ್ಬರ್ ಕಾಳು ಉದುರುತ್ತವೆ. ಮೂವತ್ತು ದಾಟಿದ ಮೇಲೆ ತೊಡೆ ಹಿಂದಿನ ಹ್ಯಾಮ್‌ಸ್ಟ್ರಿಂಗ್ ಸ್ನಾಯು ಪದೇ ಪದೇ ಹಿಡಿಯತೊಡಗಿತು. ಕೋಚ್ ನನ್ನನ್ನು ಎಂಟರ ಜಾಗದಿಂದ, ಅಂದರೆ ಮೇಲೆ ಕೆಳಗೆ ಓಡಾಡುವ ಮಿಡ್‌ಫೀಲ್ಡರ್ ಜಾಗದಿಂದ, ಆರಕ್ಕೆ, ಡಿಫೆನ್ಸ್ ಎದುರಿಗೆ, ಇಳಿಸಿದರು. ಓಟ ಕಮ್ಮಿ ಆಯಿತು, ನೋಡುವ ಕೆಲಸ ಎರಡು ಪಟ್ಟಾಯಿತು. ನನ್ನ ಒಳ್ಳೆಯ ಆಟ ಬಂದಿದ್ದು ಆ ವರ್ಷಗಳಲ್ಲೇ.

ದುಡ್ಡಿನ ಮಾತೂ ಹೇಳಬೇಕು. ಹಿಂದೆ ಐಟಿಐ, ಎಚ್‌ಎಎಲ್ ತರಹದ ಕಾರ್ಖಾನೆ ತಂಡಗಳಲ್ಲಿ ಆಡಿದರೆ ಕಾಯಂ ಕೆಲಸ ಸಿಗುತ್ತಿತ್ತು, ಆಟ ನಿಂತರೂ ಸಂಬಳ ನಿಲ್ಲುತ್ತಿರಲಿಲ್ಲ. ಕ್ಲಬ್ ಕಾಂಟ್ರ್ಯಾಕ್ಟ್ ಹಾಗಲ್ಲ, ಸಾಮಾನ್ಯವಾಗಿ ಒಂದು ಸೀಸನ್‌ಗೆ ಇರುತ್ತದೆ, ಗಾಯ ಆದರೆ ಮುಂದಿನದು ಸಿಗುವ ಗ್ಯಾರಂಟಿ ಇಲ್ಲ. ಒಂದು ಕ್ಲಬ್ ತಿಂಗಳುಗಟ್ಟಲೆ ನನಗೆ ಸಂಬಳ ಕೊಡಲಿಲ್ಲ. ಸಹಿ ಹಾಕಿದ ಕಾಪಿ ನನ್ನ ಹತ್ತಿರ ಇದ್ದದ್ದರಿಂದ ಎಐಎಫ್‌ಎಫ್‌ನ (ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್) ಪ್ಲೇಯರ್ಸ್ ಸ್ಟೇಟಸ್ ಕಮಿಟಿಗೆ ದೂರು ಕೊಡಲು ಆಯಿತು, ಬಾಕಿ ಬಂತು. ಹುಡುಗರೇ, ಕಾಪಿ ಕೈಗೆ ಬರುವವರೆಗೂ ರೈಲು ಹತ್ತಬೇಡಿ.

ಈಗ ಕೋಚಿಂಗ್‌ನ ಡಿ ಲೈಸೆನ್ಸ್ ಮಾಡಿಕೊಂಡು ಮಕ್ಕಳಿಗೆ ಕಲಿಸುತ್ತಿದ್ದೇನೆ. ಒಂದೇ ಆಟ ದಿನಾ ಆಡಿಸುತ್ತೇನೆ: ಒಬ್ಬ ಪಾಸ್ ಕೊಡುತ್ತಾನೆ, ತೆಗೆದುಕೊಳ್ಳುವವನ ಬೆನ್ನ ಹಿಂದೆ ನಾನು ಕೆಂಪು ಅಥವಾ ಹಳದಿ ಬಿಬ್ (ಅಂಗಿ ಮೇಲೆ ಹಾಕುವ ತೋಳಿಲ್ಲದ ಬಣ್ಣದ ಮೇಲಂಗಿ) ಎತ್ತಿ ಹಿಡಿಯುತ್ತೇನೆ, ಬಾಲ್ ಕಾಲಿಗೆ ತಾಗುವ ಮೊದಲೇ ಅವನು ಬಣ್ಣ ಹೇಳಬೇಕು. ಸರಿಯಾಗಿ ಹೇಳುವವರಿಗೆ ಪಾಸ್ ದಾರಿಯಲ್ಲಿರುವಾಗ ಬಣ್ಣ ಬದಲಿಸುತ್ತೇನೆ. ಆಗಲೇ ಎರಡನೇ ಸಲ ನೋಡುವವರು ಯಾರು ಅಂತ ಗೊತ್ತಾಗುವುದು.