ಅಪ್ಪಯ್ಯನೊಂದಿಗೆ ಕೆಪ್ಪ ಜೋಗಕ್ಕೆ

ನಮ್ಮ ಅಪ್ಪಯ್ಯನಿಗೆ ಈಗ 74 ವರ್ಷ. ಮಂಡಿನೋವು ಹಳೆಯದು, ಎರಡೂ ಕಿವಿ ಮಂದವಾಗಿ ಆರು ವರ್ಷಗಳಾದವು. ಅವರು ಹುಡುಗರಾಗಿದ್ದಾಗ ನಮ್ಮ ಅಜ್ಜನ ಜೊತೆ ಕಾಡುದಾರಿಯಲ್ಲಿ ನಡೆದೇ ಹೋಗಿ ಉಂಚಳ್ಳಿ ಜಲಪಾತವನ್ನು ನೋಡಿದ್ದರಂತೆ. ಅದನ್ನು ಇನ್ನೊಮ್ಮೆ ನೋಡಬೇಕೆಂಬ ಆಸೆಯನ್ನು ಅವರು ಹೇಳಿದ್ದು ಒಂದೇ ಸಲ, ಅದೂ ಊಟದ ನಡುವೆ, ಬೇರಾವುದೋ ಮಾತಿಗೆ ಸೇರಿಸಿ. ಮೊದಲ ಪ್ರಯತ್ನದಲ್ಲಿ ನನಗೆ ಅವರನ್ನು ಸರಿಯಾಗಿ ಕರೆದೊಯ್ಯಲಾಗಲಿಲ್ಲ. ಎರಡನೆಯ ಸಲ ಹೇಗೆ ಹೋಗಿ ಬಂದೆವೆಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ವಯಸ್ಸಾದವರನ್ನು ಇಂತಹ ಜಾಗಕ್ಕೆ ಕರೆದೊಯ್ಯುವ ಯೋಚನೆಯಲ್ಲಿರುವವರಿಗೆ ಇದರಿಂದ ಉಪಯೋಗವಾದೀತು.

ಉಂಚಳ್ಳಿ ಇರುವುದು ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲ್ಲೂಕಿನಲ್ಲಿ, ಸಿದ್ದಾಪುರ ಪಟ್ಟಣದಿಂದ ಸುಮಾರು 35 ಕಿಲೋಮೀಟರ್ ದೂರದಲ್ಲಿ. ಹೆಗ್ಗರಣೆಯನ್ನು ದಾಟಿ ಮುಂದೆ ಹೋದರೆ ವಾಹನ ನಿಲ್ಲಿಸುವ ಜಾಗ ಸಿಗುತ್ತದೆ; ಅಲ್ಲಿಂದ ಮುಂದಿನದು ಕಾಡಿನೊಳಗಿನ ಕಾಲ್ನಡಿಗೆ, ಕೊನೆಯ ಭಾಗ ಮೆಟ್ಟಿಲಿಳಿಯುವ ದಾರಿ. ಅಘನಾಶಿನಿ ನದಿ ಇಲ್ಲಿ 116 ಮೀಟರ್ ಎತ್ತರದಿಂದ ಕಣಿವೆಗೆ ಬೀಳುತ್ತದೆ. 1845ರಲ್ಲಿ ಬ್ರಿಟಿಷ್ ಅಧಿಕಾರಿಯೊಬ್ಬ ಇದನ್ನು ಕಂಡನೆಂಬ ಕಾರಣಕ್ಕೆ ಅವನ ಹೆಸರಿನಿಂದ ಲಷಿಂಗ್ಟನ್ ಜಲಪಾತ ಎಂದೂ ಕರೆಯುವುದುಂಟು, ಆದರೆ ಅವನು ಬರುವ ಮೊದಲೂ ಆ ಕಣಿವೆಯ ಸುತ್ತ ಊರುಗಳಿದ್ದವು, ಹೊಳೆಯನ್ನು ದಿನವೂ ನೋಡುವ ಜನರಿದ್ದರು. ನಮ್ಮ ಕಡೆಯ ಹೆಸರು ಕೆಪ್ಪ ಜೋಗ. ಅದರ ಸದ್ದಿಗೆ ಕಿವಿ ಕೆಪ್ಪಾಗುತ್ತದೆ ಎಂಬುದರಿಂದ ಬಂದ ಹೆಸರು. ಕಿವಿ ಮಂದವಾದ ಮೇಲೆ ಅಪ್ಪಯ್ಯನ ಎದುರು ಆ ಹೆಸರನ್ನು ಹೇಳಲು ನನಗೆ ಸಂಕೋಚವಾಗುತ್ತಿತ್ತು, ಆದ್ದರಿಂದ ಮನೆಯಲ್ಲಿ ಉಂಚಳ್ಳಿ ಎಂದೇ ಹೇಳುತ್ತಿದ್ದೆ. ಅವರು ಮಾತ್ರ ಮೊದಲಿನಿಂದಲೂ ಕೆಪ್ಪ ಜೋಗವೆಂದೇ ಹೇಳುತ್ತಿದ್ದರು.

ಮೊದಲ ಸಲ ಹೋದದ್ದು ಜುಲೈ ತಿಂಗಳಲ್ಲಿ. ಮಳೆಗಾಲದಲ್ಲಿ ನೀರು ಹೆಚ್ಚು, ಹಾಗಾಗಿ ಜಲಪಾತವೂ ಚೆಂದ ಎಂಬ ಲೆಕ್ಕಾಚಾರ ನನ್ನದಾಗಿತ್ತು. ನೀರು ಹೆಚ್ಚಿದ್ದದ್ದು ನಿಜ, ಆದರೆ ಕಣಿವೆಯ ತುಂಬ ಮಂಜು ಮತ್ತು ತುಂತುರು ಸೇರಿ ಬಿಳಿಯ ಗೋಡೆಯಂತೆ ನಿಂತಿದ್ದವು. ಕಟಾಂಜನದ ಬಳಿ ಮುಕ್ಕಾಲು ಗಂಟೆ ಕಾದರೂ ಜಲಪಾತದ ಒಂದು ಎಳೆ ಕೂಡ ಕಾಣಿಸಲಿಲ್ಲ. ಕಿವಿ ಕೇಳುವ ನಾವು ಸದ್ದನ್ನಾದರೂ ಕೇಳಿದೆವು, ಕಾಣಬೇಕೆಂದು ಬಂದ ಅಪ್ಪಯ್ಯನಿಗೆ ಅದೂ ಇಲ್ಲ, ಇದೂ ಇಲ್ಲ. ಅದರ ಮೇಲೆ ಹನಿ ನೀರು ಹೊಕ್ಕು ಅವರ ಕಿವಿಯ ಮಷಿನ್ ನಿಂತುಹೋಯಿತು. ಮರಳುವಾಗ ಮುಂದೆ ಹೋಗುತ್ತಿದ್ದ ಅಕ್ಕನನ್ನು ನಿಲ್ಲುವಂತೆ ನಾನು ಎಷ್ಟು ಕೂಗಿದರೂ ಅವಳಿಗೆ ಕೇಳಿಸಲಿಲ್ಲ. ಅವಳನ್ನು ಹಿಡಿಯಲು ಅವಸರದಿಂದ ಹೆಜ್ಜೆಯಿಟ್ಟ ನಾನು ಹಾವಸೆ ಕಟ್ಟಿದ ಮೆಟ್ಟಿಲಿನ ಮೇಲೆ ಜಾರಿ ಮೊಣಕೈ ಕೆತ್ತಿಸಿಕೊಂಡೆ. ನನ್ನ ತೋಳು ಹಿಡಿದಿದ್ದ ಅಪ್ಪಯ್ಯ ಅದೇ ಕ್ಷಣದಲ್ಲಿ ಕೈ ಬಿಟ್ಟಿದ್ದರಿಂದ ಅವರು ಬೀಳಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಎರಡನೆಯ ಸಲಕ್ಕೆ ಕಾಲವನ್ನು ಆರಿಸುವುದರಿಂದಲೇ ಕೆಲಸ ಆರಂಭವಾಯಿತು. ಜೋಗದಲ್ಲಿ ಶರಾವತಿಯ ನೀರು ಲಿಂಗನಮಕ್ಕಿ ಅಣೆಕಟ್ಟಿನ ಹಿಂದೆ ನಿಲ್ಲುವುದರಿಂದ ಜಲಪಾತ ತುಂಬುವುದು ಮಳೆಯೊಂದನ್ನೇ ಅವಲಂಬಿಸಿಲ್ಲ. ಅಘನಾಶಿನಿಯದು ಹಾಗಲ್ಲ. ಶಿರಸಿಯ ಶಂಕರಹೊಂಡದಲ್ಲಿ ಮತ್ತು ಮಂಜುಗುಣಿಯ ಕಡೆ ಹುಟ್ಟುವ ಹಳ್ಳಗಳು ಸೇರಿ ನದಿಯಾಗಿ, ಕುಮಟಾ ತಾಲ್ಲೂಕಿನಲ್ಲಿ ಸಮುದ್ರ ಸೇರುವವರೆಗೂ ಅದಕ್ಕೆ ದೊಡ್ಡ ಅಣೆಕಟ್ಟು ಅಡ್ಡ ಬರುವುದಿಲ್ಲ. ಹೀಗಾಗಿ ಘಟ್ಟದ ಮೇಲೆ ಬಿದ್ದ ಮಳೆಯೇ ಉಂಚಳ್ಳಿಯ ನೀರು. ನಮ್ಮ ಮನೆಯ ಹಿಂದಿನ ಹಳ್ಳ ಕೆಂಪಾಗಿದ್ದರೆ ಅಲ್ಲಿಯೂ ನೀರು ಕೆಂಪಾಗಿರುತ್ತದೆ, ಹಳ್ಳ ತಿಳಿಯಾಗಿ ಕಲ್ಲು ಕಾಣತೊಡಗಿದರೆ ಅಲ್ಲಿಯೂ ನೀರು ಬೆಳ್ಳಗಾಗಿರುತ್ತದೆ ಎಂದು ಅಪ್ಪಯ್ಯ ಹೇಳಿದ ಲೆಕ್ಕ ನಮಗೆ ಯಾವ ಹವಾಮಾನ ಸೂಚನೆಗಿಂತಲೂ ಹೆಚ್ಚು ಉಪಯೋಗಕ್ಕೆ ಬಂತು. ನವರಾತ್ರಿ ಮುಗಿದಿತ್ತು, ಅಡಿಕೆ ಕೊಯ್ಲು ಇನ್ನೂ ಶುರುವಾಗಿರಲಿಲ್ಲ. ತೋಟದವರಿಗೆ ವರ್ಷದಲ್ಲಿ ಸಿಗುವ ಬಿಡುವು ಅಷ್ಟೇ. ಮಳೆ ನಿಂತು ಮೂರು ದಿನವಾಗಿ ಹಳ್ಳದ ಕಲ್ಲುಗಳು ಕಾಣತೊಡಗಿದ ಮರುದಿನ ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟೆವು. ಅಪ್ಪಯ್ಯ, ನಾನು, ಅಕ್ಕ ಮತ್ತು ಅವಳ ಹತ್ತು ವರ್ಷದ ಮಗ.

ಉಂಬಳದ, ಅಂದರೆ ಕಾಡಿನ ಜಿಗಣೆಯ ವಿಷಯವನ್ನು ಬಹಳ ಜನ ತಮಾಷೆಯಾಗಿ ತೆಗೆದುಕೊಳ್ಳುತ್ತಾರೆ. ಆದರೆ ಅಪ್ಪಯ್ಯ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು. ಉಂಬಳ ಕಚ್ಚುವಾಗ ರಕ್ತ ಹೆಪ್ಪುಗಟ್ಟದಂತೆ ತಡೆಯುವ ದ್ರವವನ್ನು ಗಾಯಕ್ಕೆ ಸೇರಿಸುತ್ತದೆ, ಅದು ಬಿಟ್ಟುಹೋದ ಮೇಲೂ ರಕ್ತ ಒಸರುತ್ತಲೇ ಇರುತ್ತದೆ. ಇಂತಹ ಮಾತ್ರೆ ನುಂಗುವವರಲ್ಲಿ ಆ ಒಸರುವಿಕೆ ಇನ್ನಷ್ಟು ಹೊತ್ತು ನಿಲ್ಲುವುದಿಲ್ಲ. ಹಾಗಾಗಿ ಹೊರಡುವ ಮುನ್ನ ಅವರ ವೈದ್ಯರನ್ನು ಕೇಳಿಕೊಂಡೆ. ಮಾತ್ರೆಯನ್ನು ನಿಲ್ಲಿಸುವುದು ಬೇಡ, ಕಚ್ಚದಂತೆ ನೋಡಿಕೊಳ್ಳಿ, ಕಚ್ಚಿದರೆ ಶುದ್ಧ ಬಟ್ಟೆಯಿಟ್ಟು ಒತ್ತಿಹಿಡಿಯಿರಿ ಎಂದರು. ಮೊಣಕಾಲಿನವರೆಗೆ ಬರುವ ಒತ್ತು ನೇಯ್ಗೆಯ ಕಾಲುಚೀಲ ಹಾಕಿಸಿ, ಪ್ಯಾಂಟಿನ ಕಾಲನ್ನು ಅದರೊಳಗೆ ತೂರಿಸಿ, ಹೊಗೆಸೊಪ್ಪು ನೆನೆಸಿದ ಕೊಬ್ಬರಿ ಎಣ್ಣೆಯನ್ನು ಚೀಲದ ಹೊರಗಿನಿಂದ ಸವರಿದೆವು. ಬರಿ ಚರ್ಮಕ್ಕೆ ಅದನ್ನು ಹಚ್ಚಬಾರದು. ತುಂಡು ಬಟ್ಟೆಯಲ್ಲಿ ಉಪ್ಪು ಕಟ್ಟಿ ಬಿದಿರಿನ ಊರುಗೋಲಿನ ತುದಿಗೆ ಬಿಗಿದುಕೊಂಡೆವು. ಕಾಲುಚೀಲದ ಮೇಲೆ ಹತ್ತಿದ ಉಂಬಳಕ್ಕೆ ಅದನ್ನು ಮುಟ್ಟಿಸಿದರೆ ಸಾಕು, ಮುರುಟಿ ಬೀಳುತ್ತದೆ. ಚರ್ಮಕ್ಕೆ ಕಚ್ಚಿಕೊಂಡಿದ್ದರೆ ಮಾತ್ರ ಉಪ್ಪಿನ ಬದಲು ಉಗುರನ್ನು ಅದರ ಬಾಯಿಯ ಅಡಿಗೆ ಮೆಲ್ಲನೆ ಜಾರಿಸಿ ಬಿಡಿಸುವುದು ಒಳ್ಳೆಯದು.

ಚಪ್ಪಲಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅಡಿಯಲ್ಲಿ ಆಳವಾದ ಗೆರೆಗಳಿರುವ ರಬ್ಬರಿನ ಬೂಟು ಬೇಕು, ಹವಾಯಿ ಚಪ್ಪಲಿ ಬೇಡ.

ನಾನು ಅತಿ ಹೆಚ್ಚು ಯೋಚಿಸಿದ್ದು ಮಾತಿನ ಬಗ್ಗೆ. ಜಲಪಾತದ ಹತ್ತಿರ ಮಷಿನ್ ಹಾಕಿಕೊಂಡರೆ ತೇವದಿಂದ ಅದು ಕೆಡುತ್ತದೆ, ಅಲ್ಲದೆ ಎಲ್ಲ ಸದ್ದನ್ನೂ ದೊಡ್ಡದು ಮಾಡುವುದರಿಂದ ಕಿವಿಗೂ ಹಿಂಸೆ. ಆದ್ದರಿಂದ ಅದನ್ನು ವಾಹನದ ಬಳಿಯೇ ಬಿಚ್ಚಿ, ಸಿಲಿಕಾ ಜೆಲ್ ಪುಡಿಕೆಗಳಿರುವ ಸಣ್ಣ ಸ್ಟೀಲ್ ಡಬ್ಬಿಯಲ್ಲಿ ಹಾಕಿ, ಡಬ್ಬಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ನನ್ನ ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಳ್ಳುವುದೆಂದು ತೀರ್ಮಾನಿಸಿದೆವು. ಹಿಂದಿನ ಸಂಜೆ ಜಗಲಿಯಲ್ಲಿ ನಾಲ್ವರೂ ಕುಳಿತು ಕೈಸನ್ನೆಗಳನ್ನು ಗೊತ್ತುಮಾಡಿಕೊಂಡೆವು. ಅಂಗೈ ಎತ್ತಿದರೆ ಎಲ್ಲರೂ ನಿಲ್ಲಬೇಕು, ಅಂಗೈಯನ್ನು ನೆಲದ ಕಡೆ ಒತ್ತಿ ತೋರಿಸಿದರೆ ಕೂರಬೇಕು, ಎದೆಯ ಮೇಲೆ ಕೈಯಿಟ್ಟರೆ ಉಸಿರು ಸಾಲುತ್ತಿಲ್ಲವೆಂದು ಅರ್ಥ, ತಲೆಯ ಮೇಲೆ ಕೈಯಿಟ್ಟರೆ ಎಲ್ಲವೂ ಸರಿಯಿದೆಯೆಂದು ಅರ್ಥ. ಇದನ್ನು ನಾವು ಅಪ್ಪಯ್ಯನಿಗಾಗಿ ಮಾಡಿದ್ದೆಂದು ನಾನು ತಿಳಿದಿದ್ದೆ. ಸದ್ದಿನ ಹತ್ತಿರ ಹೋದ ಮೇಲೆ ಅದು ನಮ್ಮೆಲ್ಲರಿಗೂ ಬೇಕಾಯಿತು.

ಕಾಡಿನ ಮೊದಲ ಭಾಗವನ್ನು ಅಪ್ಪಯ್ಯನೇ ನಡೆಸಿದರು ಎನ್ನಬೇಕು. ದಾರಿಯ ಬದಿಯ ಮರಗಳನ್ನು ಒಂದೊಂದಾಗಿ ಮುಟ್ಟಿ ಮೊಮ್ಮಗನಿಗೆ ಹೇಳುತ್ತ ಹೋದರು: ಇದು ಮತ್ತಿ, ಇದು ಮುರುಗಲು, ಅದು ಉಪ್ಪಾಗೆ. ಉಪ್ಪಾಗೆಯ ಸಿಪ್ಪೆಯನ್ನು ಮಳೆಗಾಲದಲ್ಲಿ ಬೆಂಕಿಯ ಮೇಲೆ ಒಣಗಿಸುತ್ತಿದ್ದ ಕಷ್ಟ, ಬೀಜದಿಂದ ಉಪ್ಪಾಗೆ ತುಪ್ಪ ತೆಗೆಯುತ್ತಿದ್ದ ಬಗೆ, ಎಲ್ಲವೂ ಆ ಮರದ ಬುಡದಲ್ಲಿ ಹೊರಬಂದವು. ಅದು ಸಿಂಗಳೀಕಕ್ಕೂ ಬೇಕಾದ ಹಣ್ಣು. 2011ರಲ್ಲಿ ಈ ಕಣಿವೆಯ ಕಾಡನ್ನು ಸಿಂಗಳೀಕಗಳ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಗಿದೆ. ನಮಗೆ ಅಂದು ಸಿಂಗಳೀಕ ಕಾಣಿಸಲಿಲ್ಲ. ಕೆಂದಳಿಲೊಂದು ಮಾತ್ರ ಮೇಲಿನ ಕೊಂಬೆಯಿಂದ ಕೊಂಬೆಗೆ ಹಾರಿ, ಉದ್ದ ಬಾಲವನ್ನು ಇಳಿಬಿಟ್ಟು ನಮ್ಮನ್ನು ನೋಡುತ್ತ ಕುಳಿತಿತ್ತು. ಅದನ್ನು ಮೊದಲು ಕಂಡವರು ಅಪ್ಪಯ್ಯ. ಕಿವಿ ಮಂದವಾದ ಮೇಲೆ ಅವರ ಕಣ್ಣು ಅಲುಗುವ ಪ್ರತಿ ಎಲೆಯನ್ನೂ ಗುರುತಿಸುತ್ತದೆ.

ದಾರಿಯಲ್ಲಿ ಒಂದು ಕಡೆ ಹುಡುಗ ಬಗ್ಗಿ ಕುಳಿತ. ಹುಲ್ಲಿನ ಎಸಳಿನ ತುದಿಯಲ್ಲಿ ನೂಲಿನಷ್ಟು ತೆಳ್ಳಗಿನ ಉಂಬಳವೊಂದು ಬಾಲದ ಮೇಲೆ ನಿಂತು, ಗಾಳಿ ಇಲ್ಲದಿದ್ದರೂ ಅತ್ತಿಂದಿತ್ತ ತೂಗುತ್ತಿತ್ತು. ಅವನು ಬೆರಳು ಹತ್ತಿರ ತಂದಂತೆ ಅದು ಅತ್ತ ಕಡೆಗೇ ಉದ್ದವಾಗಿ ಚಾಚಿಕೊಂಡಿತು, ಬೆರಳು ಹಿಂದೆ ಹೋದರೆ ಮತ್ತೆ ಕುಗ್ಗಿತು. ಅವನು ಮುಂದಕ್ಕೆ ಓಡಹೊರಟಾಗ ಅಪ್ಪಯ್ಯ, “ತಮಾ, ಅವಸರ ಮಾಡಡ” ಎಂದು ಅವನ ಭುಜ ಹಿಡಿದು ತಮ್ಮ ಪಕ್ಕಕ್ಕೆ ತಂದುಕೊಂಡರು.

ಮೆಟ್ಟಿಲುಗಳಲ್ಲಿ ನಾನು ಅಪ್ಪಯ್ಯನಿಗಿಂತ ಒಂದು ಮೆಟ್ಟಿಲು ಕೆಳಗೆ, ಅವರ ಎದುರಿಗೆ ಓರೆಯಾಗಿ ಇಳಿದೆ. ಅಕ್ಕ ಒಂದು ಮೆಟ್ಟಿಲು ಮೇಲೆ. ಹಿಂದಿನ ಸಲದಂತೆ ತೋಳು ಹಿಡಿದು ಪಕ್ಕದಲ್ಲಿ ನಡೆದರೆ ಒಬ್ಬರು ಜಾರಿದಾಗ ಇಬ್ಬರೂ ಬೀಳುತ್ತಾರೆ. ಇಳಿಯುವುದು ಸುಲಭವೆಂದು ತೋರಿದರೂ ಮಂಡಿಗೆ ಭಾರ ಬೀಳುವುದು ಇಳಿಯುವಾಗಲೇ. ಆದ್ದರಿಂದ ನೋವು ಬರುವವರೆಗೆ ಕಾಯದೆ, ಐವತ್ತು ಮೆಟ್ಟಿಲಿಗೊಮ್ಮೆ ಅಂಗೈ ಎತ್ತಿ ನಿಲ್ಲಿಸಿದೆ. ಸದ್ದು ಮೊದಲು ದೂರದ ಮಳೆಯಂತೆ ಶುರುವಾಗಿ, ಒಂದು ತಿರುವಿನಲ್ಲಿ ಇದ್ದಕ್ಕಿದ್ದಂತೆ ದೊಡ್ಡದಾಯಿತು, ಅಲ್ಲಿಂದ ಮುಂದೆ ಅಕ್ಕನ ಬಾಯಿ ಅಲುಗುವುದು ಕಾಣುತ್ತಿತ್ತೇ ಹೊರತು ಮಾತು ನನ್ನನ್ನು ತಲುಪಲಿಲ್ಲ.

ವೀಕ್ಷಣಾ ಸ್ಥಳಕ್ಕೆ ತಲುಪಿದಾಗ ಆಕಾಶ ತಿಳಿಯಾಗಿತ್ತು. ಕಣಿವೆಯ ಎದುರು ಗೋಡೆಯಿಂದ ಹೊಳೆ ಅಂಚಿನಲ್ಲಿ ಒಮ್ಮೆ ದಪ್ಪವಾಗಿ ಬಾಗಿ, ಬೀಳುತ್ತ ಬೀಳುತ್ತ ಹರಿದು ಹತ್ತಾರು ಎಳೆಗಳಾಗಿ, ಬಂಡೆಯ ಚಾಚುಗಳಿಗೆ ಬಡಿದು ಬೆಳ್ಳನೆಯ ಧೂಳಾಗಿ ಕೆಳಗಿನ ಹಸಿರಿನಲ್ಲಿ ಇಲ್ಲವಾಗುತ್ತಿತ್ತು. ಒಂದು ಎಳೆಯನ್ನು ಮೇಲಿನಿಂದಲೇ ಕಣ್ಣಿನಲ್ಲಿ ಹಿಡಿದುಕೊಂಡು ಕೊನೆಯವರೆಗೆ ಹಿಂಬಾಲಿಸಿದರೆ, ಅದು ಬೀಳುತ್ತಿರುವ ವೇಗ ನಿಧಾನವೆನ್ನಿಸುತ್ತದೆ. ಒಟ್ಟಾಗಿ ನೋಡಿದರೆ ನಿಂತಂತೆಯೇ ಇರುತ್ತದೆ. ತುಂತುರು ನಮ್ಮವರೆಗೂ ಬಂದು ಹುಬ್ಬಿನ ಕೂದಲ ಮೇಲೆ ಕೂರುತ್ತಿತ್ತು. ಜಲಪಾತದ ಬುಡಕ್ಕೆ ಇಳಿಯುವ ಯೋಚನೆಯನ್ನು ನಾವು ಮಾಡಲಿಲ್ಲ, ಬೇರೆಯವರೂ ಮಾಡಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಲ್ಲಿನ ಬಂಡೆಗಳು ಸದಾ ಒದ್ದೆಯಾಗಿರುತ್ತವೆ, ಕೆಳಗೆ ಬಿದ್ದವರ ಕೂಗು ಆ ಸದ್ದಿನಲ್ಲಿ ಯಾರಿಗೂ ಕೇಳಿಸುವುದಿಲ್ಲ.

ಅಪ್ಪಯ್ಯ ಬಹಳ ಹೊತ್ತು ಅಲುಗದೆ ನಿಂತಿದ್ದರು. ನಂತರ ಕಬ್ಬಿಣದ ಕಟಾಂಜನದ ಮೇಲೆ ಇಟ್ಟಿದ್ದ ತಮ್ಮ ಅಂಗೈಯನ್ನು ಎತ್ತಿ ನೋಡಿ, ಮತ್ತೆ ಇಟ್ಟರು. ಮೊಮ್ಮಗನ ಕೈ ಹಿಡಿದು ಅವನ ಅಂಗೈಯನ್ನೂ ಅಲ್ಲೇ ಚಪ್ಪಟೆಯಾಗಿ ಒತ್ತಿದರು. ಹುಡುಗ ನನ್ನತ್ತ ತಿರುಗಿ ಕಣ್ಣರಳಿಸಿದ. ನಾನೂ ಕೈಯಿಟ್ಟೆ. ಕಬ್ಬಿಣ ಸಣ್ಣಗೆ ನಡುಗುತ್ತಿತ್ತು. ಹಿಂದಿನ ಸಲ ಅದೇ ಕಟಾಂಜನಕ್ಕೆ ಒರಗಿ ಮುಕ್ಕಾಲು ಗಂಟೆ ನಿಂತಿದ್ದರೂ ನನಗೆ ಅದು ಗೊತ್ತಾಗಿರಲಿಲ್ಲ. ಅಪ್ಪಯ್ಯ ತಲೆಯ ಮೇಲೆ ಕೈಯಿಟ್ಟು ಎಲ್ಲ ಸರಿಯಿದೆಯೆಂದು ತೋರಿಸಿದರು, ಆಮೇಲೆ ಅದೇ ಕೈಯನ್ನು ಎದೆಗೆ ತಂದರು; ಉಸಿರು ಸಾಲುತ್ತಿಲ್ಲವೇನೋ ಎಂದು ನಾನು ಗಾಬರಿಯಿಂದ ಹತ್ತಿರ ಹೋದೆ. ಅವರು ತಲೆಯಾಡಿಸಿ, ನನ್ನ ಕೈಯನ್ನು ತಮ್ಮ ಎದೆಯ ಮೇಲಿಟ್ಟುಕೊಂಡು ಜಲಪಾತದತ್ತ ಬೆರಳು ತೋರಿಸಿದರು. ಆ ಸದ್ದು ಅಲ್ಲಿಯೂ ಇತ್ತು.

ಏರುವುದಕ್ಕೆ ಇಳಿದ ಹೊತ್ತಿನ ಎರಡರಷ್ಟು ತೆಗೆದಿಟ್ಟಿದ್ದೆವು, ಅದು ಸರಿಯಾಯಿತು. ಇಪ್ಪತ್ತು ಮೆಟ್ಟಿಲಿಗೊಮ್ಮೆ ನಿಂತು, ಉಪ್ಪು ಬೆರೆಸಿದ ಮಜ್ಜಿಗೆಯನ್ನು ಒಂದೆರಡು ಗುಟುಕಿನಂತೆ ಕುಡಿಸುತ್ತ ಬಂದೆ. ಮೂಗಿನಿಂದ ಉಸಿರಾಡಲು ಆಗುವಷ್ಟು ವೇಗದಲ್ಲಿ ಮಾತ್ರ ಏರಬೇಕು, ಬಾಯಿ ತೆರೆಯಿತೆಂದರೆ ಕೂರಬೇಕು ಎಂಬುದು ನಮ್ಮ ನಿಯಮವಾಗಿತ್ತು. ವಾಹನದ ಬಳಿ ಬಂದು ಕಾಲುಚೀಲ ಬಿಚ್ಚಿಸಿ ಬೆರಳ ಸಂದುಗಳವರೆಗೂ ನೋಡಿದೆ. ಅಪ್ಪಯ್ಯನಿಗೆ ಒಂದೂ ಕಚ್ಚಿರಲಿಲ್ಲ, ನನ್ನ ಹಿಮ್ಮಡಿಯಲ್ಲಿ ಎರಡು ಇದ್ದವು. ಹತ್ತಿಬಟ್ಟೆಯಿಂದ ಅವರ ಕಿವಿಗಳನ್ನು ಒರೆಸಿ, ಹತ್ತು ನಿಮಿಷ ಗಾಳಿಗೆ ಬಿಟ್ಟು, ಡಬ್ಬಿಯಿಂದ ಮಷಿನ್ ತೆಗೆದುಕೊಟ್ಟೆ. ಅದನ್ನು ಹಾಕಿಕೊಂಡು ಸರಿಮಾಡಿಕೊಳ್ಳುತ್ತ ಅವರು, ಅಲ್ಲಿ ನೀವೆಲ್ಲ ಏನು ಮಾತಾಡಿಕೊಂಡಿರಿ ಎಂದು ಕೇಳಿದರು.

“ಎಂತದೂ ಇಲ್ಲ ಅಜ್ಜ,” ಎಂದ ಹುಡುಗ. “ಅಲ್ಲಿ ಯಾರಿಗೂ ಎಂತದೂ ಕೇಳ್ತಾ ಇರಲಿಲ್ಲ.”

ಆ ರಾತ್ರಿ ಮಷಿನ್ನನ್ನು ಹೊಸ ಸಿಲಿಕಾ ಪುಡಿಕೆಗಳ ನಡುವೆ ಇಟ್ಟು ಮಲಗಿದೆವು. ಬೆಳಿಗ್ಗೆ ಅದು ಸರಿಯಾಗಿಯೇ ಕೆಲಸ ಮಾಡುತ್ತಿತ್ತು.