ದಿನಕ್ಕೆ ನಾಲ್ಕೇ ಚಾರ್ಟ್: ರೆಸಿಡೆನ್ಸಿ ಪ್ರಾಜೆಕ್ಟ್ ಮುಗಿಸಿದ ನನ್ನ ಅನುಭವ

"ಒಂದೇ ಪ್ರಶ್ನೆ ಹಿಡಿದು ಕೂತರೆ ಅದು ಆಡಿಟ್ ಆಗುತ್ತೆ, ರಿಸರ್ಚ್ ಆಗಲ್ಲ" ಅಂತ ನನ್ನ ಪ್ರಿಸೆಪ್ಟರ್ (ರೆಸಿಡೆನ್ಸಿಯ ಮಾರ್ಗದರ್ಶಕರು) ಮೀಟಿಂಗಿನಲ್ಲೇ ಹೇಳಿದ್ದರು. ಜೊತೆಯವರೂ ಹೌದೆಂದು ತಲೆಯಾಡಿಸಿದರು. ಕೊನೆಗೆ ನಮ್ಮ ಬ್ಯಾಚಿನಲ್ಲಿ ಗಡುವಿಗೆ ಮುಂಚೆ ಮುಗಿದದ್ದು ಒಂದೇ ಪ್ರಶ್ನೆ ಹಿಡಿದ ನನ್ನ ವ್ಯಾಂಕೊಮೈಸಿನ್ (ಗಂಭೀರ ಸೋಂಕಿಗೆ ಕೊಡುವ ಆ್ಯಂಟಿಬಯಾಟಿಕ್) ಪ್ರಾಜೆಕ್ಟ್ ಮಾತ್ರ. ಅದಕ್ಕೇ ಬರೆಯುತ್ತಿದ್ದೇನೆ.

ಶುರುವಿನಲ್ಲಿ ನಾನೂ ಎಲ್ಲರ ಹಾಗೇ ಮಾಡಿದೆ. ವ್ಯಾಂಕೊಮೈಸಿನ್ ಡೋಸ್, ಕಿಡ್ನಿಗೆ ಬೀಳುವ ಪೆಟ್ಟು, ಆಸ್ಪತ್ರೆಯಲ್ಲಿದ್ದ ದಿನ, ಸಾವು, ಎಲ್ಲವನ್ನೂ ಒಂದೇ ಪ್ರೊಟೊಕಾಲ್‌ಗೆ ತುರುಕಿದ್ದೆ. ಅರವತ್ತು ಚಿಲ್ಲರೆ ಕಾಲಂ. ಎಥಿಕ್ಸ್ ಕಮಿಟಿಯಿಂದ ಎರಡು ಸಲ ವಾಪಸ್ ಬಂತು. ರೆಸಿಡೆನ್ಸಿಯ 12 ತಿಂಗಳಲ್ಲಿ ಹೆಚ್ಚುಕಮ್ಮಿ ನಾಲ್ಕು ಅಲ್ಲೇ ಕರಗಿದವು. ಒಪ್ಪಿಗೆ ಸಿಕ್ಕಿ ರೋಗಿಗಳ ಚಾರ್ಟ್ ತೆಗೆದರೆ ಮೂರರಲ್ಲೊಂದಕ್ಕೆ ತೂಕವೇ ಬರೆದಿಲ್ಲ. ತೂಕವಿಲ್ಲದೆ ಕಾಕ್‌ಕ್ರಾಫ್ಟ್-ಗಾಲ್ಟ್ (ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಅಂತ ಅಂದಾಜಿಸುವ ಸೂತ್ರ) ಹೇಗೆ ಹಾಕುವುದು?

ಆ ಹೊತ್ತಿಗೆ ಸ್ಟ್ಯಾಟಿಸ್ಟಿಷಿಯನ್‌ಗೆ ಅರ್ಧ ತಿಂಗಳ ಸ್ಟೈಪೆಂಡ್ ಕೊಟ್ಟಾಗಿತ್ತು. "ನಿಮ್ಮ ಪ್ರೈಮರಿ ಔಟ್‌ಕಮ್ ಯಾವುದು?", ಅಂದರೆ ಮುಖ್ಯವಾಗಿ ಅಳೆಯುವುದು ಏನನ್ನು, ಅಂತ ಅವರು ಕೇಳಿದರು, ನನ್ನ ಹತ್ತಿರ ಉತ್ತರವಿರಲಿಲ್ಲ. ಸಾಫ್ಟ್‌ವೇರ್ ಲೈಸೆನ್ಸಿಗೆ ಇನ್ನೊಂದಷ್ಟು ಹೋಯ್ತು. ಕಡೆಗೆ ಕೆಲಸ ಆದದ್ದು ಪುಕ್ಕಟೆ ಸಿಗುವ ಆರ್ (R) ಅನ್ನುವ ಸಾಫ್ಟ್‌ವೇರಿನಲ್ಲಿ: ಒಂದು ಕೈ-ಸ್ಕ್ವೇರ್ ಟೆಸ್ಟ್, ಒಂದು ಫಿಶರ್ ಟೆಸ್ಟ್, ಅಷ್ಟೇ.

ದಾರಿ ತೋರಿಸಿದ್ದು ಒಂದು ಚಾರ್ಟ್. 12 ಗಂಟೆಗೊಮ್ಮೆ 1 ಗ್ರಾಂ ವ್ಯಾಂಕೊಮೈಸಿನ್. ಟ್ರಫ್ (ಮುಂದಿನ ಡೋಸ್‌ಗೆ ಸ್ವಲ್ಪ ಮುಂಚೆ ರಕ್ತದಲ್ಲಿರುವ ಔಷಧಿಯ ಕನಿಷ್ಠ ಮಟ್ಟ) 27 ಅಂತ ರಿಪೋರ್ಟ್ ಬಂದಿದೆ, ಡೋಸ್ ಅರ್ಧಕ್ಕಿಳಿಸಿದ್ದಾರೆ. ನರ್ಸಿಂಗ್ ಶೀಟ್ ನೋಡಿದರೆ ಬೆಳಿಗ್ಗೆ 8ಕ್ಕೆ ಡ್ರಿಪ್ ಶುರು, ರಕ್ತ ತೆಗೆದದ್ದು 10ಕ್ಕೆ. ಅದು ಟ್ರಫ್ಫೇ ಅಲ್ಲ! ಆ ರಾತ್ರಿಯೇ ಉಳಿದದ್ದನ್ನೆಲ್ಲ ಹೊಡೆದುಹಾಕಿದೆ. ಲೆವೆಲ್‌ಗೆ ರಕ್ತ ಸರಿಯಾದ ಹೊತ್ತಿಗೆ ತೆಗೆದಿದ್ದಾರಾ, ಇಲ್ಲವಾ? ಇಷ್ಟೇ ಪ್ರಶ್ನೆ. 2020ರ ಗೈಡ್‌ಲೈನ್ ಬಂದ ಮೇಲೆ ಎಲ್ಲರ ಬಾಯಲ್ಲೂ ಎಯುಸಿ (ದಿನವಿಡೀ ರಕ್ತದಲ್ಲಿ ಔಷಧಿ ಒಟ್ಟು ಎಷ್ಟಿತ್ತು ಅನ್ನುವ ಅಳತೆ) 400–600. ಬರೆದ ಸಮಯವೇ ತಪ್ಪಿದ್ದರೆ ಯಾವ ಸಾಫ್ಟ್‌ವೇರಿಗೆ ಹಾಕಿದರೂ ಆ ಎಯುಸಿ ತಪ್ಪೇ.

ತಿದ್ದುಪಡಿಗೆ ಒಪ್ಪಿಗೆ ಬೇಗ ಸಿಕ್ಕಿತು. ಹನ್ನೊಂದು ಕಾಲಂ. ಸಂಜೆ ಹ್ಯಾಂಡ್‌ಓವರ್‌ಗೆ ಮುಂಚೆ ದಿನಕ್ಕೆ ನಾಲ್ಕು ಚಾರ್ಟ್, ಸುಮಾರು 35 ನಿಮಿಷ. ಐಸಿಯು ಪೋಸ್ಟಿಂಗ್ ಇದ್ದಾಗಲೂ ಬಿಡಲಿಲ್ಲ. ಎರಡೂವರೆ ತಿಂಗಳಿಗೆ 180ರ ಮೇಲಾಯ್ತು. ನಡುವೆ ಎಕ್ಸೆಲ್ ದಿನ-ತಿಂಗಳು ಅದಲುಬದಲು ಮಾಡಿ ನಲವತ್ತು ಸಾಲು ಕೆಡಿಸಿತು. ರೆಡ್‌ಕ್ಯಾಪ್ (ರಿಸರ್ಚ್ ಡೇಟಾ ತುಂಬುವ ಸಾಫ್ಟ್‌ವೇರ್) ಸಿಗುವವರು ಅದನ್ನೇ ಹಿಡಿಯಿರಿ. ಮಾತಾಡಿ ಟೈಪ್ ಮಾಡಿಸುವುದನ್ನೂ ನೋಡಿದೆ. ಔಷಧಿ ಹೆಸರೆಲ್ಲ ಕಲಸುಮೇಲೋಗರವಾಗಿ ಎರಡೇ ದಿನಕ್ಕೆ ಬಿಟ್ಟೆ.

ಒಂದು ಮಾತ್ರ ಬಹಳ ಉಪಯೋಗಕ್ಕೆ ಬಂತು. 20 ಚಾರ್ಟನ್ನು ಜೊತೆಯ ರೆಸಿಡೆಂಟ್ ಕೈಲಿ ಮತ್ತೆ ತೆಗೆಸಿದೆ. ಕಪ್ಪಾ (ಇಬ್ಬರು ತೆಗೆದದ್ದು ಎಷ್ಟು ಹೊಂದುತ್ತೆ ಅನ್ನುವ ಅಳತೆ; 1 ಅಂದರೆ ಪೂರ್ತಿ ಹೊಂದಿಕೆ) 0.6ರ ಆಸುಪಾಸು ಬಂತು. ಹುಡುಕಿದರೆ, ಡೋಸ್ ಸಮಯ ಅಂದರೆ ನನಗೆ ಡ್ರಿಪ್ ಶುರುವಾದದ್ದು, ಅವರಿಗೆ ಮುಗಿದದ್ದು! ವ್ಯಾಖ್ಯೆ ಬಿಗಿ ಮಾಡಿ ಬೇರೆ 20 ತೆಗೆದಾಗ 0.9 ದಾಟಿತು.

ಲ್ಯಾಬ್ ಪಟ್ಟಿಯಿಂದ ನಿಜವಾದ ಟ್ರಫ್ ಆರ್ಡರ್‌ಗಳನ್ನಷ್ಟೇ ಹೇಗೆ ಸೋಸಿದೆ ಅನ್ನುವುದನ್ನು ಇಲ್ಲಿ ಬರೆಯಲ್ಲ, ಮುಂದಿನ ಪೇಪರಿಗೆ ಅದು ಬೇಕು.

ಕೊನೆಗೆ ಸಿಕ್ಕ ಉತ್ತರ: ತೆಗೆದ ರಕ್ತದಲ್ಲಿ ಹತ್ತರಲ್ಲಿ ನಾಲ್ಕರಷ್ಟು ತಪ್ಪು ಹೊತ್ತಿನವು. ಈಗ ನಾನು ಚಾರ್ಟ್ ನೋಡಿದ ವಾರ್ಡಿನಲ್ಲಿ ಟ್ಯೂಬಿನ ಲೇಬಲ್ ಮೇಲೆ ಎರಡು ಸಮಯ ಬರೆಯುತ್ತಾರೆ: ಡ್ರಿಪ್ ಶುರುವಾದದ್ದು, ರಕ್ತ ತೆಗೆದದ್ದು. ಹೊಸ ರೆಸಿಡೆಂಟ್‌ಗಳ ಕೈಗೆ ಅದೇ ಪ್ರಿಸೆಪ್ಟರ್ ಕೊಡುವುದು ನನ್ನ ಹನ್ನೊಂದು ಕಾಲಂ ಶೀಟನ್ನೇ.