ಮೈ ತಣ್ಣಗಿರುವ ಗೋಧಿಯನ್ನು ಹುಡುಕಿದ ಐದು ಹಂಗಾಮು

ಹೋದ ಹಂಗಾಮಿನಲ್ಲಿ ಕಾಳು ಹಾಲು ತುಂಬುವ ಹೊತ್ತಿಗೇ ಎರಡು ವಾರ ಬಿಸಿಲು 36, 37 ಡಿಗ್ರಿ ಮುಟ್ಟಿತು. ಸುತ್ತಲಿನ ಗೋಧಿ ಬೇಗ ಬೆಳ್ಳಗಾಗಿ ಕಾಳು ಸುಕ್ಕಾಯಿತು. ಬಿಸಿಲು ತಡೆಯುವ ಬೀಜ ಬೇಕೆಂದು ನಾನು ಆರಿಸಿದ್ದ ಎರಡು ಸಾಲುಗಳಲ್ಲಿ ಮಾತ್ರ ಸಾವಿರ ಕಾಳು ಸುಮಾರು 38 ಗ್ರಾಂ ತೂಗಿತು. ಮೊದಲ ವರ್ಷ ಇದೇ ಹೊಲದಲ್ಲಿ 27 ದಾಟಿರಲಿಲ್ಲ. ‘ಥರ್ಮಾಮೀಟರ್ ಹಿಡಿದು ಬೀಜ ಆರಿಸೋದುಂಟಾ’ ಅಂದವರೇ ಈಗ ಬೀಜ ಕೇಳಿಕೊಂಡು ಬರುತ್ತಿದ್ದಾರೆ. ನನಗೆ ಹೆಮ್ಮೆಯಾಗಿದೆ, ಅದನ್ನು ಮುಚ್ಚಿಡುವುದಿಲ್ಲ.

ಮೊದಲ ಎರಡು ಹಂಗಾಮು ಕಣ್ಣಳತೆಯಲ್ಲೇ ಹೋದವು. ಕೊನೆವರೆಗೂ ಹಸಿರಾಗಿ ನಿಂತ ಗಿಡಕ್ಕೆಲ್ಲ ದಾರ ಕಟ್ಟಿದೆ. ಒಕ್ಕಿ ನೋಡಿದರೆ ಅರ್ಧಕ್ಕರ್ಧ ತೆನೆ ಜೊಳ್ಳು. ಹೂವಿನಲ್ಲೇ ಪರಾಗ ಕೆಟ್ಟು ಕಾಳು ಕಟ್ಟಿರಲಿಲ್ಲ. ಎಲೆ ಮಾಡಿದ ಸಕ್ಕರೆ ಹೋಗಲು ಜಾಗವೇ ಇಲ್ಲದೆ ಎಲೆ ಹಸಿರಾಗಿ ಉಳಿದಿತ್ತು. ಆಮೇಲಿಂದ ಹಸಿರು ನೋಡಿದ ಕೂಡಲೇ ತೆನೆ ಹಿಚುಕಿ ನೋಡುತ್ತೇನೆ.

ಜಾಸ್ತಿ ದುಡ್ಡು ತಿಂದದ್ದು ಗಿಡಗಳಿಗೆ ಬಿಸಿ ಕೊಟ್ಟು ಪರೀಕ್ಷಿಸಲು ಹಾಕಿದ ಪ್ಲಾಸ್ಟಿಕ್ ಗುಡಾರ. ಆ ವರ್ಷದ ಗಳಿಕೆಯಲ್ಲಿ ಮೂರರಲ್ಲಿ ಒಂದು ಪಾಲು ಅದಕ್ಕೇ ಹೋಯಿತು. ಒಳಗೆ 42 ಡಿಗ್ರಿ ಬಂತು ನಿಜ. ಆದರೆ ತೇವವೂ ಒಳಗೇ ನಿಂತುಬಿಟ್ಟಿತು, ಎಲೆ ಬೆವರಲು ಆಗಲಿಲ್ಲ. ಒಳಗೆ ಗೆದ್ದ ಸಾಲುಗಳು ಬಯಲಿನಲ್ಲಿ ಎಲ್ಲಕ್ಕಿಂತ ಮೊದಲು ಸೋತವು. ಕಂಬಗಳನ್ನು ಗುಜರಿಗೆ ಹಾಕಿದೆ. ಈಗ ಒಂದು ಮಡಿಯನ್ನು ಸುಮ್ನೆ 25, 30 ದಿನ ತಡವಾಗಿ ಬಿತ್ತುತ್ತೇನೆ. ಬಿಸಿಲು ತಾನೇ ಬಂದು ಪರೀಕ್ಷೆ ಮಾಡುತ್ತದೆ, ಖರ್ಚಿಲ್ಲ.

ದಾರಿಗೆ ಹಚ್ಚಿದ್ದು ಗಿಡವನ್ನು ಮುಟ್ಟದೆ ದೂರದಿಂದಲೇ ಬಿಸಿ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್. ಬೇರು ಆಳಕ್ಕಿಳಿದು ನೀರೆಳೆಯುವ ಗಿಡದ ಮೈ ತಣ್ಣಗಿರುತ್ತದೆ, ಅಷ್ಟೇ ಅಲ್ವಾ. ಮೊದಲು ತಂದ ಅಗ್ಗದ್ದು ಬಿಸಿಲಲ್ಲಿ ಹತ್ತು ನಿಮಿಷ ನಿಂತರೆ ಒಂದೇ ಸಾಲಿಗೆ ಮೂರು ಬೇರೆ ಲೆಕ್ಕ ಕೊಡುತ್ತಿತ್ತು. ಈಗಿರುವುದಕ್ಕೆ ಅದರ ನಾಲ್ಕು ಪಟ್ಟು ಕೊಟ್ಟಿದ್ದೇನೆ. ಮಧ್ಯಾಹ್ನ ಒಂದರಿಂದ ಮೂರರೊಳಗೆ, ಮೋಡವಿಲ್ಲದ, ಗಾಳಿ ಕಮ್ಮಿಯಿರುವ ದಿನ, ಬಿಸಿಲು ಬೆನ್ನಿಗೆ ಬೀಳುವಂತೆ ನಿಂತು ಓರೆಯಾಗಿ ಹಿಡಿಯಬೇಕು. ಥರ್ಮಾಮೀಟರ್ ತಂದ ಮೊದಲ ವರ್ಷ ನೇರ ಕೆಳಗೆ ಹಿಡಿದು ಸಾಲಿನ ನಡುವಿನ ಮಣ್ಣಿನ ಬಿಸಿಯನ್ನೇ ಬರೆದುಕೊಂಡಿದ್ದೆ. ಇಡೀ ನೋಟ್‌ಬುಕ್ ದಂಡ.

ಇನ್ನೊಂದು ಮೋಸವಿದೆ. ಎತ್ತರದ ಗಿಡ ಸಾಮಾನ್ಯವಾಗಿ ತಣ್ಣಗೇ ತೋರಿಸುತ್ತದೆ. ಬೇಗ ಹೂ ಬಿಟ್ಟದ್ದು ಮಾಗುವಾಗ ಬಿಸಿ ತೋರಿಸುತ್ತದೆ. ಅದಕ್ಕೆ ಎರಡು ಮೂರು ದಿನದ ಅಂತರದಲ್ಲಿ ಹೂ ಬಿಟ್ಟ, ಸಮ ಎತ್ತರದ ಸಾಲುಗಳನ್ನು ಮಾತ್ರ ಹೋಲಿಸುತ್ತೇನೆ. ಹಾಗೆ ಹೋಲಿಸಿದರೂ ಒಂದೇ ಮಡಿಯಲ್ಲಿ ಮೂರು ಡಿಗ್ರಿವರೆಗೆ ವ್ಯತ್ಯಾಸ ಕಂಡಿದ್ದೇನೆ. ಅಳೆಯುವ ಮೊದಲು ಎಷ್ಟು ದಿನ ನೀರು ನಿಲ್ಲಿಸುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಈ ಕೆಲಸಕ್ಕೆ ಐದು ವರ್ಷ ಕೊಟ್ಟಿದ್ದೇನೆ.

ತಣ್ಣಗಿದ್ದ ಸಾಲುಗಳಿಗೆ ಎರಡನೇ ಪರೀಕ್ಷೆ. ಹೂ ಬಿಟ್ಟ ಎರಡು ವಾರಕ್ಕೆ ಇಪ್ಪತ್ತು ಕಡ್ಡಿಗಳ ಎಲೆ ಪೂರ್ತಿ ಕಿತ್ತುಬಿಡುತ್ತೇನೆ. ಆಮೇಲೆ ಕಾಳು ತುಂಬಲು ಕಾಂಡದಲ್ಲಿ ಕೂಡಿಟ್ಟ ಸಕ್ಕರೆ ಮತ್ತು ತೆನೆಯ ಸ್ವಂತ ಹಸಿರೇ ಗತಿ. ಕೆಲವು ಸಾಲಿನ ಕಾಳು ಅರ್ಧ ತೂಕಕ್ಕಿಳಿದವು. ನನ್ನ ಎರಡು ಸಾಲು ಕಾಲು ಭಾಗದಷ್ಟೇ ಕಳೆದುಕೊಂಡವು. ಎಲೆ ಕೀಳುವುದನ್ನು ನೋಡಿ ಮನೆಯವರು ಬೈದರು, ಆ ತೂಕ ನೋಡಿದ ಮೇಲೆ ಸುಮ್ಮನಾದರು.

ನಡುವೆ ಭತ್ತದಲ್ಲೂ ಕೈಯಾಡಿಸಿದೆ. ಭತ್ತದ ಹೂವು ಬಿರಿಯುವ ಹೊತ್ತಿಗೆ 35 ದಾಟಿದರೆ ಜೊಳ್ಳು ಹೆಚ್ಚುತ್ತದೆ. ಬೆಳಿಗ್ಗೆ ಎಂಟಕ್ಕೇ ಹೂ ಬಿರಿಯುತ್ತಿದ್ದ ಮೂರು ಬುಡಗಳನ್ನು ಬೇರೆ ಇಟ್ಟೆ. ಉಳಿದವಕ್ಕಿಂತ ಅವುಗಳಲ್ಲಿ ಕಾಳು ಚೆನ್ನಾಗಿ ತುಂಬಿತು. ಮೂರೇ ಬುಡದ ಲೆಕ್ಕ, ಇನ್ನೆರಡು ಸಲ ನೋಡಬೇಕು. ಗೋಧಿಗೆ ಪೊಟ್ಯಾಶಿಯಂ ನೈಟ್ರೇಟ್ ಗೊಬ್ಬರವನ್ನೂ ಸಿಂಪಡಿಸಿ ನೋಡಿದೆ. ಒಂದು ವರ್ಷ ಫಲ ಕೊಟ್ಟಿತು, ಇನ್ನೊಂದು ವರ್ಷ ಖರ್ಚೂ ಹುಟ್ಟಲಿಲ್ಲ.

ಸೆಕೆಯ ರಾತ್ರಿಗೆ ಮಾತ್ರ ನನ್ನ ಥರ್ಮಾಮೀಟರ್ ಉತ್ತರ ಹೇಳುವುದಿಲ್ಲ. ಹಗಲು ಕೂಡಿಟ್ಟದ್ದನ್ನು ಗಿಡ ರಾತ್ರಿ ಉಸಿರಾಡಿಯೇ ಸುಟ್ಟುಕೊಳ್ಳುತ್ತದೆ. ಈ ಸಲ ಆ ಎರಡು ಸಾಲಿನಿಂದ ಅರವತ್ತು ತೆನೆ ಆರಿಸಿ, ಒಂದೊಂದನ್ನೂ ಬೇರೆ ಸಾಲಾಗಿ, ರಾತ್ರಿಯೂ ಕಾವು ಬಿಡದ ಕಲ್ಲುಗೋಡೆಯ ಪಕ್ಕದ ಮಡಿಯಲ್ಲಿ ಬಿತ್ತಿದ್ದೇನೆ. ಮೊಳಕೆ ಮೇಲೆ ಬಂದಿದೆ.